ಬ್ರೇಕ್ ಪೆಡಲು ನಡುಗಿದಾಗ

ಮಳೆ ಇರಲಿಲ್ಲ, ರಸ್ತೆ ಒಣಗಿತ್ತು, ಕಾರು ನಡೆದು ಹೋಗುವವರಿಗಿಂತ ಒಂಚೂರು ಜೋರಾಗಿತ್ತು ಅಷ್ಟೆ. ಆದರೂ ಅದು ಹೋಗಿ ತರಕಾರಿಯ ತಳ್ಳುಗಾಡಿಗೆ ತಗುಲಿತು. ನಾಲ್ಕು ಬದನೆಕಾಯಿ ಉರುಳಿದವು.

"ಕಣ್ಣು ಮನೇಲಿ ಬಿಟ್ಟು ಬಂದ್ಯೇನಮ್ಮಾ?" ಎಂದಳು ಗಾಡಿಯವಳು.

ಕಾರು ಓಡಿಸುತ್ತಿದ್ದವಳು ಪರದೆ ಹೊಲಿದು ಮನೆಮನೆಗೆ ತಲುಪಿಸುವ ಹೆಂಗಸು. ಬದನೆಕಾಯಿ ಆರಿಸಿಕೊಟ್ಟು, ತಪ್ಪಾಯಿತು ಎಂದು ಹೇಳಿ ಮನೆಗೆ ಬಂದಳು. ಕೀಲಿಯನ್ನು ಗುಂಡಿಗಳ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಇನ್ನು ಓಡಿಸುವುದಿಲ್ಲ ಎಂದುಕೊಂಡಳು.

ಅವಳು ಬ್ರೇಕ್ ಒತ್ತಿದ್ದು ನಿಜ. ಕಾರು ಇನ್ನೇನು ನಿಲ್ಲಬೇಕು ಅನ್ನುವಾಗ ಪೆಡಲು ಕಾಲಿನಡಿ ಗರಗರ ನಡುಗಿತು. ತಟ್ಟನೆ ಕಾಲೆತ್ತಿದಳು. ಹಾಗೆ ಎತ್ತಬೇಕೆಂದು ಕಲಿಸಿದವರು ಮಾವ, ನಲವತ್ತು ವರ್ಷ ಲಾರಿ ಓಡಿಸಿದವರು. "ಬ್ರೇಕನ್ನ ಬಿಟ್ಟು ಬಿಟ್ಟು ಒತ್ಬೇಕು ಕಣಮ್ಮಾ. ಒಂದೇ ಸಮ ತುಳಿದ್ರೆ ಚಕ್ರ ಕಚ್ಕೊಂಡು ಗಾಡಿ ಜಾರುತ್ತೆ." ಹನ್ನೊಂದು ವರ್ಷದಿಂದ ಅವಳು ಆ ಮಾತು ಮೀರಿದವಳಲ್ಲ.

ನಲವತ್ತೇಳಾಯಿತು, ಕಾಲಿನ ಹಿಡಿತ ಹೋಗಿರಬೇಕು ಎಂದುಕೊಂಡಳು. ಯಾರಿಗೂ ಹೇಳಲಿಲ್ಲ. ನಮ್ಮಲ್ಲಿ ಬಹಳ ಹೆಂಗಸರು ಹೀಗೇ. ಮೆಷಿನ್ ಕೆಟ್ಟರೂ ಮೊದಲು ಅನುಮಾನ ತಮ್ಮ ಕೈಕಾಲಿನ ಮೇಲೆ. ಗಂಡ ಕೇಳಿದಾಗ "ಸುಸ್ತು" ಎಂದಳು. ಮಡಿಸಿದ ಪರದೆಗಳು ಕುರ್ಚಿಗಳ ಮೇಲೆ ಏರುತ್ತಾ ಹೋದವು. ಐದನೆಯ ದಿನಕ್ಕೆ ಕೂರಲು ಜಾಗವಿರಲಿಲ್ಲ. ಅವಳ ಕೆಲಸದ ಅರ್ಧ ಸುಖ ತಲುಪಿಸುವುದರಲ್ಲಿತ್ತು. ಬೇರೆಯವರ ಕಿಟಕಿಗೆ ತೂಗುಹಾಕಿ, ಬಟ್ಟೆಯೊಳಗಿಂದ ಬೆಳಕು ಹೇಗೆ ಇಳಿಯುತ್ತದೆಂದು ಒಂದು ಗಳಿಗೆ ನಿಂತು ನೋಡುವುದು. ಅದು ಹೋದರೆ ಉಳಿಯುವುದು ಬರೀ ದುಡಿಮೆ.

ಆರನೆಯ ದಿನ ಗಿರಾಕಿಯೊಬ್ಬಳು ತಾನೇ ಬಂದಳು. ಬೀದಿ ಕೊನೆಯ ಗ್ಯಾರೇಜು ಅವಳದು. ಎಲ್ಲರ ಬಾಯಲ್ಲೂ ಅವಳು ಸ್ಪ್ಯಾನರ್ ಅಕ್ಕ.

"ನನ್ನ ಪರದೆ ಏನಾಯ್ತೇ? ಎದುರುಮನೆಯವರು ನನ್ನ ತಟ್ಟೆಯ ತುತ್ತೂ ಎಣಿಸ್ತಿದಾರೆ!"

"ನಾನಿನ್ನು ಕಾರು ಓಡಿಸಲ್ಲ ಅಕ್ಕಾ. ಕಾಲು ನನ್ನ ಮಾತು ಕೇಳ್ತಿಲ್ಲ."

ನಡೆದದ್ದನ್ನೆಲ್ಲ ಕೇಳಿಸಿಕೊಂಡು ಅಕ್ಕ ಡಾಕ್ಟರ್ ಹಾಗೆ ಪ್ರಶ್ನೆ ಶುರು ಮಾಡಿದಳು.

"ನಡುಗೋದು ಜೋರಾಗಿ ತುಳಿದಾಗಲೋ, ಮೆಲ್ಲಗೆ ನಿಲ್ಲಿಸುವಾಗಲೋ?"

"ಮೆಲ್ಲಗೆ ನಿಲ್ಲಿಸುವಾಗ. ಒಣ ರಸ್ತೇಲೂ."

"ಆಮೇಲೆ ಹಳದಿ ಲೈಟು ಹತ್ಕೊಳ್ಳುತ್ತಾ? ಎಬಿಎಸ್ ಅಂತ ಬರೆದಿರುತ್ತೆ."

ಅವಳು ಬಾಗಿಲ ಬಳಿ ಪೇಪರ್ ಓದುತ್ತಿದ್ದ ಮಾವನ ಕಡೆ ನೋಡಿದಳು. ಮಾವ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

"ಅದರ ಮೇಲೆ ಮಾವ ಸ್ಟಿಕ್ಕರ್ ಅಂಟಿಸಿದಾರೆ."

"ಮತ್ತೇನು?" ಪೇಪರ್ ಕೆಳಗಿಳಿಯಿತು. "ಹತ್ತುತ್ತೆ, ಆರುತ್ತೆ, ಹತ್ತುತ್ತೆ, ಕಣ್ಣು ಹೊಡೆದ ಹಾಗೆ! ಹಳೇ ಕಾರು ತಾಯಿ, ಒಂದೆರಡು ದೀಪ ಉರಿಯೋದೇ. ನನ್ನ ಲಾರೀಲಿ ಆ ದೀಪಾನೇ ಇರ್ಲಿಲ್ಲ. ನಾನೇನು ಸತ್ತೋದ್ನಾ?"

"ನೀವು ಗಟ್ಟಿಪಿಂಡ ಯಜಮಾನ್ರೇ. ಆದ್ರೆ ಥರ್ಮಾಮೀಟರಿಗೆ ಬಟ್ಟೆ ಸುತ್ತಿದ್ರೆ ಜ್ವರ ಇಳಿಯುತ್ತಾ?"

ಅವಳನ್ನು ಕೂರಿಸಿಕೊಂಡು ಕಾರನ್ನು ಅಕ್ಕನೇ ನಿಧಾನವಾಗಿ ಗ್ಯಾರೇಜಿಗೆ ಓಡಿಸಿದಳು. ಮಾವನೂ ಹತ್ತಿ ಕೂತರು, ಮೋಸ ಮಾಡದಂತೆ ನೋಡಿಕೊಳ್ಳಲು. ಅಕ್ಕ ಮೊದಲು ಬ್ರೇಕ್ ಆಯಿಲ್ ಮಟ್ಟ ನೋಡಿದಳು, ಪ್ಯಾಡ್ ನೋಡಿದಳು. ಆಮೇಲೆ ಸ್ಟೇರಿಂಗಿನ ಕೆಳಗೆ, ಕಾರಿನ ದೋಷ ಓದುವ ಸ್ಕ್ಯಾನರ್ ಸಿಕ್ಕಿಸಿದಳು.

"ಎಡಗಡೆ ಮುಂದಿನ ಚಕ್ರ. ಅದರ ವೇಗ ಎಷ್ಟು ಅಂತ ಸೆನ್ಸರಿನಿಂದ ಸುದ್ದಿ ಸರಿಯಾಗಿ ಬರ್ತಿಲ್ಲ."

"ಅಂದ್ರೆ ಹೊಸ ಸೆನ್ಸರ್ ಹಾಕ್ಬೇಕು ಅಂತೀಯ. ಬಂತು ನೋಡು ವ್ಯಾಪಾರ!" ಎಂದರು ಮಾವ.

"ಯಾವ ಮನೇಲಿ ಗಲಾಟೆ ಅಂತ ಮಾತ್ರ ಈ ಮಿಷಿನ್ನು ಹೇಳುತ್ತೆ ಯಜಮಾನ್ರೇ. ಜಗಳ ಯಾರದ್ದು ಅಂತ ನಾವೇ ಬಾಗಿಲು ತಟ್ಟಿ ಕೇಳ್ಬೇಕು."

ಚಕ್ರ ಬಿಚ್ಚಿದಳು. ತಂತಿ ತುಂಡಾಗಿರಲಿಲ್ಲ. ಚಕ್ರದ ಜೊತೆ ತಿರುಗುವ ಹಲ್ಲಿನ ಬಳೆ ಬಿರುಕು ಬಿಟ್ಟಿರಲಿಲ್ಲ. ಸೆನ್ಸರ್ ಹೊರತೆಗೆದಾಗ ಮಾತ್ರ ಅದರ ತುದಿಗೆ ಕಾಡಿಗೆಯಂತೆ ಕಪ್ಪು ಪುಡಿ ಮೆತ್ತಿತ್ತು.

"ಇದರೊಳಗೆ ಆಯಸ್ಕಾಂತ ಇದೆ, ಕಬ್ಬಿಣದ ಪುಡಿ ಎಳ್ಕೊಂಡಿದೆ. ನಿಧಾನ ಹೋಗುವಾಗ ಬಳೆಯ ಹಲ್ಲು ಎಣಿಸೋಕೆ ಆಗ್ತಿಲ್ಲ. ಚಕ್ರ ಕಚ್ಕೊಂಡು ಜಾರ್ತಿದೆ ಅಂದ್ಕೊಂಡು, ಹಾಗೆ ಜಾರದಂತೆ ಕಾಯೋ ಎಬಿಎಸ್ಸು ಸುಮ್ಮಸುಮ್ಮನೆ ಬ್ರೇಕ್ ಬಿಟ್ಟು ಬಿಟ್ಟು ಒತ್ತುತ್ತೆ. ನಡುಕ ಅದರದ್ದು. ಅದು ಬಿಡೋ ಹೊತ್ತಿಗೆ ನೀನೂ ಕಾಲೆತ್ತಿದ್ರೆ ಗಾಡಿ ಹೇಗೆ ನಿಲ್ಲುತ್ತೆ?"

"ಹಾಗಾದ್ರೆ ನನ್ನ ಕಾಲು..."

"ನಿನ್ನ ಕಾಲಿಗೇನಾಗಿದೆ? ಚಿನ್ನದಂಥ ಕಾಲು."

ಅವಳು ಅತ್ತ ತಿರುಗಿ, ಗೋಡೆಗೆ ಒರಗಿಸಿದ್ದ ಟೈರುಗಳನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು.

ಅಕ್ಕ ಪುಡಿ ಒರೆಸಿ, ಸೆನ್ಸರ್ ಕೂರಿಸಿ, ಸ್ಕ್ಯಾನರಿನಲ್ಲಿ ಹಳೆಯ ದೂರು ಅಳಿಸಿದಳು. ಬೀದಿಯಲ್ಲಿ ನಾಲ್ಕು ಬಾರಿ ಮೆಲ್ಲಗೆ ನಿಲ್ಲಿಸಿ ನೋಡಿದಳು. ಪೆಡಲು ತೆಪ್ಪಗಿತ್ತು. ದೀಪ ಹತ್ತಲಿಲ್ಲ. ಆಮೇಲೆ ಗ್ಯಾರೇಜಿನ ಹಿಂದಿನ ಖಾಲಿ ಜಲ್ಲಿ ಅಂಗಳಕ್ಕೆ ನೀರು ಹೊಡೆದು, ನಡುವೆ ಒಂದು ಖಾಲಿ ಡಬ್ಬ ಇಟ್ಟಳು.

"ಬಾ, ನೀನೇ ಓಡಿಸು. ಡಬ್ಬದ ಹತ್ತಿರ ಬಂದಾಗ ಒಂದೇ ಸಲ ಜೋರಾಗಿ ತುಳಿ. ಇಲ್ಲಿ ನಡುಗಬೇಕು, ಇಲ್ಲಿ ನಿಜವಾಗ್ಲೂ ಜಾರುತ್ತೆ. ನಿನ್ನ ಮಾವ ಕಾಲಲ್ಲಿ ಮಾಡ್ತಿದ್ದ ಕೆಲಸಾನೇ ಅದು ಮಾಡೋದು, ಅವರಿಗಿಂತ ಬೇಗ. ನೀನು ಕಾಲು ಬಿಡ್ಬೇಡ, ಸ್ಟೇರಿಂಗ್ ತಿರುಗಿಸು."

ಮಾವ ಪಕ್ಕದಲ್ಲಿ ಕೂತರು. ಅವಳು ತುಳಿದಳು. ಪೆಡಲು ಗರಗರ ಎಂದಿತು.

"ಬಿಡಮ್ಮಾ! ಬಿಟ್ಟು ಬಿಟ್ಟು!" ಮಾವ ಕೂಗಿದರು.

ಅವಳು ಬಿಡಲಿಲ್ಲ. ಸ್ಟೇರಿಂಗ್ ತಿರುಗಿಸಿದಳು. ಕಾರು ಡಬ್ಬವನ್ನು ಬಳಸಿಕೊಂಡು ನೆಟ್ಟಗೆ ನಿಂತಿತು.

"ಇಳಿ," ಎಂದರು ಮಾವ.

"ಕೋಪ ಬಂತಾ ಮಾವ?"

"ಕೋಪ ಅಲ್ಲಮ್ಮಾ! ನಾನೊಂದು ಸಲ ತುಳಿದು ನೋಡ್ತೀನಿ."

ಒಂದು ಸಲ ಎಂದವರು ಐದು ಸಲ ತುಳಿದರು. ಅಕ್ಕನೇ ಕೀಲಿ ಕಿತ್ತುಕೊಳ್ಳಬೇಕಾಯಿತು. ಆ ಸಂಜೆಯೊಳಗೆ ಪರದೆ ಹೊಲಿಯುವವಳು ಆರು ಮನೆಗಳ ಬಾಗಿಲು ತಟ್ಟಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಳೆಯ ಕಾರಿನಲ್ಲಿ ಹಳದಿ ಎಬಿಎಸ್ ದೀಪ ಉರಿದರೆ ಮುಚ್ಚಬೇಡಿ. ಮಾಮೂಲು ಬ್ರೇಕ್ ಹಿಡಿಯಬಹುದು, ಆದರೆ ಜಾರುವಾಗ ಕಾಯುವವರಿಲ್ಲ. ನಿಧಾನ ಓಡಿಸಿ, ಬೇಗ ತೋರಿಸಿ. ಜೊತೆಗೆ ಕೆಂಪು ಬ್ರೇಕ್ ದೀಪವೂ ಉರಿದರೆ ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿಬಿಡಿ. ಹೊಸ ಭಾಗ ಹಾಕಿಸುವ ಮುಂಚೆ ತಂತಿ, ಹಲ್ಲಿನ ಬಳೆ, ಸೆನ್ಸರಿನ ತುದಿ ನೋಡಿದಿರಾ ಎಂದು ಕೇಳಿ. ಎಬಿಎಸ್ ಇರುವ ಕಾರಿನಲ್ಲಿ ಅವಸರದ ಬ್ರೇಕಿಗೆ ಪೆಡಲು ನಡುಗಿದರೆ ಕಾಲೆತ್ತಬೇಡಿ. ತಪ್ಪು ನನ್ನದೇ ಎಂದು ಕೀಲಿ ಎತ್ತಿಡುವ ಮೊದಲು, ದಯವಿಟ್ಟು, ಬಲ್ಲವರೊಬ್ಬರಿಗೆ ಬಾಯಿಬಿಟ್ಟು ಹೇಳಿ.