ನೇರಳೆ ಪೆನ್ಸಿಲ್ಲಿನ ಕಾಗದಗಳು

ನೊಜುಕೊ ತಗಡಿನ ಪೆಟ್ಟಿಗೆಯನ್ನು ಹಾಸಿಗೆಯ ಮೇಲೆ ಬೋರಲು ಹಾಕಿದಳು. ಅಪ್ಪನ ಎರಡು ಅಂಗಿ, ಒಡೆದ ಕನ್ನಡಕ, ಚರ್ಚಿನ ಹಾಡಿನ ಪುಸ್ತಕ ಬಿದ್ದವು. ಕಾಗದಗಳ ಕಟ್ಟು ಮಾತ್ರ ಬೀಳಲಿಲ್ಲ. ಅಂಗಳದ ಡೇರೆಯಲ್ಲಿ ಅಪ್ಪನ ಶವದ ಮುಂದೆ ಹಾಡು ಮುಗಿಯುತ್ತ ಬಂದಿತ್ತು.

"ಮಗಳೇ ಇಲ್ದೆ ಅಪ್ಪನ್ನ ಎತ್ತೋದಾ? ಬಾರೇ!" ಚಿಕ್ಕಪ್ಪ ಫುಂಡಿಲೆ ಬಾಗಿಲಲ್ಲಿ ಗದರಿದ.

"ತಾತನ ಕಾಗದ ಸಿಗ್ತಿಲ್ಲ ಚಿಕ್ಕಪ್ಪ. ಮಂಗಳವಾರ ಭೂಮಿ ಕಚೇರಿಗೆ ಒಯ್ಯಬೇಕು. ನಕಲು ನಡೆಯಲ್ವಂತೆ, ಮೂಲಾನೇ ಬೇಕಂತೆ."

"ಕಾಗದಕ್ಕೇನು ಕಾಲಿದ್ಯಾ? ಬಂದು ಹುಡುಕು."

ಹೊರಗೆ ಸಣ್ಣಗೆ ಮಳೆ ಹನಿಯುತ್ತಿತ್ತು.

*

ಅವು ಹದಿನಾಲ್ಕು ಕಾಗದಗಳು. ಕಿಂಬರ್ಲಿಯ ವಜ್ರದ ಗಣಿಯಲ್ಲಿ ದುಡಿಯುತ್ತಿದ್ದ ತಾತ ಊರಲ್ಲಿದ್ದ ಹೆಂಡತಿಗೆ ಬರೆದವು. ಯಾವ ಹೊಲದಲ್ಲಿ ಮೊದಲು ಬಿತ್ತಬೇಕು, ದನದ ದೊಡ್ಡಿಯನ್ನು ಯಾವ ಬಂಡೆಯವರೆಗೆ ಕಟ್ಟಿಸಬೇಕು, ತಂದೆಯ ಗೋರಿಯ ಮೇಲಿನ ಕಳೆ ಕೀಳಬೇಕು ಎಂದೆಲ್ಲ ಅವುಗಳಲ್ಲಿತ್ತು. ಮರುವರ್ಷ ಬಿಳಿಯರ ಕಾನೂನು ಬಂತು, ಆ ಹೊಲ, ದೊಡ್ಡಿಗಳಿದ್ದ ಕಣಿವೆ ಕೈಬಿಟ್ಟಿತು, ಯಾರದೋ ಕುರಿಗಳು ಆ ಗೋರಿಯ ಮೇಲೆ ಮೇದವು. ಕಣಿವೆ ತಮ್ಮದಾಗಿತ್ತೆಂದು ತೋರಿಸಲು ಉಳಿದದ್ದು ಅದೊಂದೇ ಕಟ್ಟು.

ಅಪ್ಪ ವುಯಾನಿ ಶಾಲೆಯಲ್ಲಿ ಗಂಟೆ ಹೊಡೆಯುತ್ತ ಮುದುಕನಾದವನು. ಭಾನುವಾರದ ಊಟವಾದ ಮೇಲೆ ಕೈ ತೊಳೆದು, ಒರೆಸಿ, ಇನ್ನೊಮ್ಮೆ ಒರೆಸಿ ಕಟ್ಟು ಬಿಚ್ಚುತ್ತಿದ್ದ.

"ಒದ್ದೆ ಕೈ ತಾಗಿಸೀಯ, ಜೋಕೆ. ಇದು ಆ ಕಾಲದ ಪೆನ್ಸಿಲ್ಲು. ನೋಡೋಕೆ ಬೂದಿ ಬಣ್ಣ. ಹನಿ ನೀರು ಬಿತ್ತೋ, ನೇರಳೆಯಾಗಿ ಹರಿದುಹೋಗತ್ತೆ."

ಕಣಿವೆ ವಾಪಸ್ ಕೇಳಿ ನಲವತ್ತು ಸಲವಾದರೂ ಭೂಮಿ ಕಚೇರಿಗೆ ಅಲೆದಿದ್ದ; ಹೋದಾಗಲೆಲ್ಲ ಗುಮಾಸ್ತ ಊಟಕ್ಕೆ ಹೋಗಿರುತ್ತಿದ್ದ. ಕೊನೆಗೆ ವಿಚಾರಣೆಯ ನೋಟಿಸು ಬಂದಾಗ ಅದನ್ನೂ ಒಣಕೈಯಲ್ಲೇ ಹಿಡಿದು ಓದಿದ. ಅದಾದ ಹನ್ನೊಂದನೆಯ ದಿನ ಸತ್ತ.

*

ಗುಂಡಿ ಅರ್ಧ ತುಂಬಿತ್ತು. ಗಂಡಸರು ಸರದಿಯಂತೆ ಸಲಿಕೆ ಹಿಡಿದು ಒದ್ದೆ ಮಣ್ಣು ಹಾಕುತ್ತಿದ್ದರು. ಅಪ್ಪನ ಅಕ್ಕ ಎವೆಲೀನಾ ನೊಜುಕೊಳ ತೋಳು ಹಿಡಿದು ನಿಂತಿದ್ದಳು.

"ಅಳಬೇಡ ಕಣೇ. ಬರಿಗೈಲಿ ಕಳಿಸಿಲ್ಲ ಅವನನ್ನ. ಮುಖ ನೋಡೋಕೆ ಮುಚ್ಚಳ ತೆಗೆದಾಗ ಕಂಬಳಿ ಹೊದಿಸಿ, ಪೈಪು ಇಟ್ಟು, ಕಾಗದಾನೂ ಎದೆ ಮೇಲಿಟ್ಟೆ."

"ಯಾವ ಕಾಗದ ಅತ್ತೆ?"

"ನಮ್ಮಪ್ಪಂದು. ಅದನ್ನ ಬಿಟ್ಟು ಒಂದು ರಾತ್ರಿ ಮಲಗಿದೋನಲ್ಲ. ಕಣಿವೆ ಕೇಳೋನೇ ಹೋದ್ಮೇಲೆ ಇಲ್ಲಿ ಯಾರಿಗೆ ಬೇಕು?"

"ನಿಲ್ಸಿ!" ನೊಜುಕೊ ಕಿರುಚಿದಳು. ಸಲಿಕೆಗಳು ನಿಂತವು. ಕಾಗದಗಳು ಒಳಗಿವೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಫುಂಡಿಲೆ ಅಕ್ಕನನ್ನು ನೋಡಿದ, ಗುಂಡಿಯನ್ನು ನೋಡಿದ. "ಮಣ್ಣಿಗೆ ಕೊಟ್ಟೋನನ್ನ ವಾಪಸ್ ತೆಗೆಯೋಕಾಗಲ್ಲ ಮಗಳೇ. ನಮ್ಮ ಕುಲದಲ್ಲಿ ಯಾರೂ ಮಾಡಿಲ್ಲ."

"ಅಪ್ಪ ಬದುಕಿದ್ದೇ ಅದಕ್ಕೆ!"

"ಬದುಕಿದ್ದಾಗ ಕಚೇರಿಯೋರು ಏನು ಕೊಟ್ರು? ಕೂತು ಕಾಯೋಕೊಂದು ಬೆಂಚು."

"ಆ ಲೋಕದಲ್ಲಾದ್ರೂ ಗುಮಾಸ್ತ ಊಟಕ್ಕೆ ಹೋಗಿರಲ್ಲ ಬಿಡು," ಹಿಂದಿನಿಂದ ಯಾರೋ ಅಂದರು. ಒಂದಿಬ್ಬರು ನಕ್ಕರು. ಫುಂಡಿಲೆ ನಗಲಿಲ್ಲ. "ಹೋಗಿ ಬಾ, ಭೇಲೆ," ಎಂದು ಅಣ್ಣನನ್ನು ಕುಲದ ಹೆಸರಿನಿಂದ ಕರೆದು ಸಲಿಕೆ ಎತ್ತಿದ.

"ನಾನು ತಪ್ಪು ಮಾಡಿದ್ನಾ?" ಎವೆಲೀನಾ ಕೇಳಿದಳು. ನೊಜುಕೊಗೆ ಅತ್ತೆಯ ಮೇಲೆ ಕೆಟ್ಟ ಸಿಟ್ಟು ಬಂದಿತ್ತು, ಆ ಪ್ರಶ್ನೆ ಕೇಳಿ ಅದೂ ಇಳಿದುಹೋಯಿತು.

ಮನೆಯ ಬೇಲಿ ಬಾಗಿಲಲ್ಲಿ ನೀರಿನ ಬೋಗುಣಿ ಇಟ್ಟಿದ್ದರು. ಗೋರಿಯಿಂದ ಬಂದವರು ಕೈ ತೊಳೆದೇ ಊಟಕ್ಕೆ ಹೋಗಬೇಕು. ಎವೆಲೀನಾ ಕೈ ಅದ್ದಿದಳು. ಬೆಳಿಗ್ಗೆ ಕಣ್ಣೊರೆಸಿಕೊಂಡ ಕೈಯಲ್ಲೇ ಕಾಗದ ಮುಟ್ಟಿದ್ದಳು. ಬೆರಳ ತುದಿಗಳು ನೇರಳೆಯಾಗಿದ್ದವು.

"ಇದೇನೇ ಬಣ್ಣ? ತಿಕ್ಕಿದ್ರೂ ಪೂರ್ತಿ ಹೋಗ್ತಿಲ್ಲ."

"ತೊಳೀಬೇಡಿ ಅತ್ತೆ."

ನೊಜುಕೊ ಆ ಕೈಗಳನ್ನು ನೀರಿನಿಂದ ಎತ್ತಿಕೊಂಡಳು. ತನ್ನ ಶಾಲಿನ ಒಣ ಅಂಚಿನಿಂದ ಮೆಲ್ಲಗೆ ಒತ್ತಿ ಒರೆಸಿದಳು, ಇನ್ನೊಮ್ಮೆ ಒರೆಸಿದಳು.