ಬಿಳಿ ಕಡ್ಡಿಯ ಬಾಯಿ

ಕ್ರೇಯಾನ್ ಕಾರ್ಖಾನೆಯಲ್ಲಿ ಕಡ್ಡಿಗಳಿಗೆ ಕಾಗದ ಸುತ್ತುವುದು ನನ್ನ ಕೆಲಸ. ಒಂದೊಂದಕ್ಕೂ ಎರಡು ಸುತ್ತು, ಇಲ್ಲದಿದ್ದರೆ ಮಕ್ಕಳ ಕೈಯಲ್ಲಿ ಮೇಣ ಪಟ್ಟನೆ ಮುರಿಯುತ್ತದೆ. ನಾನು ಸುತ್ತಿದ ಕಾಗದವನ್ನೆಲ್ಲ ಬಿಚ್ಚಿ ಹಾಸಿದರೆ ಚಂದ್ರನವರೆಗೆ ಹೋಗಿ, ಅಲ್ಲಿ ಮಲಗುವುದಕ್ಕೊಂದು ಚಾಪೆಯಷ್ಟು ಮಿಗುತ್ತದೆ. ಸುಳ್ಳು ಅನ್ನುವವರು ಅಳೆದು ನೋಡಲಿ.

ಯಜಮಾನರ ತಾತನ ಕಾಲದಲ್ಲಿ ಅಲ್ಲಿ ಮಕ್ಕಳ ಸುದ್ದಿಯೇ ಇರಲಿಲ್ಲವಂತೆ. ಬರೀ ಕಪ್ಪು ಕಡ್ಡಿ, ಪೆಟ್ಟಿಗೆ ಪೀಪಾಯಿಗಳ ಮೇಲೆ ಗುರುತು ಹಾಕುವವರಿಗೆ. ಮಳೆ ಹೊಡೆದರೂ ಮೇಣದ ಗುರುತು ಅಳಿಸುವುದಿಲ್ಲವಲ್ಲ! ಆಮೇಲೆ ಮಕ್ಕಳಿಗೆಂದು ಬಣ್ಣಬಣ್ಣದವು ಬಂದವು. ಮಕ್ಕಳು ಬರೆಯುವುದಕ್ಕಿಂತ ತಿನ್ನುವುದೇ ಹೆಚ್ಚು, ಹಾಗಾಗಿ ವಿಷವಿಲ್ಲದ ಬಣ್ಣದ ಪುಡಿಯನ್ನೇ ಹುಡುಕಿ ಕಲೆಸಬೇಕಾಯಿತು.

ಕರಗಿದ ಮೇಣವನ್ನು ಬಿಳಿ ಕಡ್ಡಿಯ ಅಚ್ಚಿಗೆ ಹೊಯ್ಯುವವಳು ನನ್ನ ನಾದಿನಿ. ನನ್ನ ಗಂಡ ತೀರಿಕೊಂಡ ಮೇಲೆ ನಮ್ಮಿಬ್ಬರಿಗೂ ಒಂದೇ ಮನೆ, ಒಂದೇ ಒಲೆ, ದಿನಕ್ಕೊಂದೇ ಜಗಳ. ಬೆಳಿಗ್ಗೆ ಶುರುವಾದರೆ ರಾತ್ರಿಗೆ ಮುಗಿಯುತ್ತದೆ.

ಒಂದು ದಿನ ಯಜಮಾನರು ಅವಳ ಮುಂದೆ ಬಂದು ನಿಂತರು.

"ನೋಡಮ್ಮ, ಮಕ್ಕಳು ಎಲ್ಲ ಬಣ್ಣಾನೂ ಸವೆಸ್ತಾರೆ, ಬಿಳಿ ಮಾತ್ರ ಹಾಗೇ ಉಳಿಯುತ್ತೆ. ಬಿಳಿ ಹಾಳೆ ಮೇಲೆ ಬಿಳಿ ಗೀಚಿದ್ರೆ ಏನು ಕಾಣುತ್ತೆ? ಊಟಕ್ಕಿಲ್ಲದ ಉಪ್ಪಿನಕಾಯಿ. ಮುಂದಿನ ವಾರದಿಂದ ನಿಲ್ಲಿಸ್ತೀನಿ."

"ಮತ್ತೆ ನಾನು?"

"ಬೇರೆ ಅಚ್ಚಿನಲ್ಲಿ ಜಾಗ ಇಲ್ಲಮ್ಮ."

ಅವತ್ತು ಅವಳು ನನ್ನ ಜೊತೆ ಜಗಳವನ್ನೂ ಆಡಲಿಲ್ಲ. ನನಗೆ ನಿಜಕ್ಕೂ ಭಯವಾಯಿತು.

ಅದೇ ವಾರ ದೂರದಿಂದ ಸಗಟು ವ್ಯಾಪಾರಿಯೊಬ್ಬರು ಬರುವವರಿದ್ದರು. ಸುಣ್ಣದ ಬಿಳಿ ಗೋಡೆಗೆಲ್ಲ ನೀಲಿ ಬಳಿಯಬೇಕೆಂದು ಹುಕುಂ ಆಯಿತು. ಯಜಮಾನರ ಕೈ ಬಿಗಿ, ಹಾಗಾಗಿ ಪೇಂಟರು ಕಲೆಸಿದ್ದು ನೀರಿಗೆ ನೀಲಿಯ ಮುಖ ತೋರಿಸಿದಷ್ಟೇ. ಅವನು ಅಚ್ಚಿನ ಮೇಜಿನ ಪಕ್ಕದ ಗೋಡೆಯ ಕಡೆ ತಿರುಗಿದ್ದೇ ತಡ, ನಾದಿನಿ ನನ್ನ ಕೈ ಚಿವುಟಿದಳು.

"ಅತ್ತಿಗೇ, ಆ ಗೋಡೆ ಬೇಡ ಅನ್ನಿ! ಹೇಗಾದ್ರೂ ತಡೀರಿ!"

"ಯಾಕೇ? ಅದೇನು ನಿನ್ನ ತವರಿನ ಗೋಡೆಯಾ?"

"ಕಡ್ಡಿ ಚೆನ್ನಾಗಿ ಬಂತಾ ಅಂತ ದಿನಾ ಅಲ್ಲೇ ಗೀಚಿ ನೋಡ್ತಿದ್ದೆ. ಕಾಣಲ್ವಲ್ಲ ಅಂತ ಬಾಯಿಗೆ ಬಂದಿದ್ದೆಲ್ಲ ಬರೆದುಬಿಟ್ಟಿದ್ದೀನಿ!"

ಅಷ್ಟರಲ್ಲಿ ಪೇಂಟರು ಬ್ರಷ್ ಎಳೆದೇಬಿಟ್ಟ. ನೀಲಿ ಹರಿದಲ್ಲೆಲ್ಲ ಬಿಳಿ ಅಕ್ಷರಗಳು ಎದ್ದು ಬಂದವು. ನಾನು ಕೂಡಿಸಿ ಕೂಡಿಸಿ ಓದಿದೆ: 'ಅತ್ತಿಗೆ ಗೊರಕೆಗೆ ಪಕ್ಕದ ಮನೆ ಗೋಡೆ ಬಿರುಕು.' ಶುದ್ಧ ಸುಳ್ಳು. ನಾನು ಗೊರಕೆ ಹೊಡೆಯುವವಳೇ ಅಲ್ಲ. ಹೊಡೆದರೂ ಬಿರುಕು ಬಿಟ್ಟಿದ್ದು ಒಂದೇ ಗೋಡೆ.

ಯಜಮಾನರು ವ್ಯಾಪಾರಿಯನ್ನು ಕರೆದುಕೊಂಡು ಒಳಗೆ ಬಂದದ್ದೂ ಆಗಲೇ. ವ್ಯಾಪಾರಿ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು:

"'ಮೊದಲು ಹೊಟ್ಟೆ ಬರುತ್ತೆ, ಆಮೇಲೆ ಯಜಮಾನರು ಬರ್ತಾರೆ.'"

ಪಕ್ಕದಲ್ಲೇ ಚಿತ್ರವೂ ಇತ್ತು. ಕುಂಬಳಕಾಯಿಗೆ ಮೀಸೆ. ಯಜಮಾನರ ಮುಖ ನಮ್ಮ ಕೆಂಪು ಕಡ್ಡಿಯನ್ನೂ ಸೋಲಿಸಿತು.

"ಇದು ಹೇಗೆ ಬಂತು?" ವ್ಯಾಪಾರಿ ಕೇಳಿದರು.

ನಾದಿನಿ ಸೆರಗಿನ ತುದಿ ಹಿಂಡುತ್ತ, "ಬಿಳಿ ಕಡ್ಡಿ ಸ್ವಾಮಿ. ಮೇಣದ ಮೇಲೆ ನೀರಿನ ಬಣ್ಣ ನಿಲ್ಲಲ್ಲ," ಅಂದಳು.

ವ್ಯಾಪಾರಿ ಅವಳ ಮೇಜಿನಿಂದ ಕಡ್ಡಿಯೊಂದನ್ನು ಕಿತ್ತುಕೊಂಡು, ಕೋಟು ಸಮೇತ ನೆಲಕ್ಕೆ ಕುಕ್ಕರಿಸಿ, ಗೋಡೆಯ ಬುಡದಲ್ಲಿ ಬೆಕ್ಕೊಂದನ್ನು ಗೀಚಿದರು. "ಬಳಿಯಪ್ಪಾ, ಬೇಗ ಬಳಿ!" ಪೇಂಟರು ಬಳಿದ. ಬೆಕ್ಕು ಬಾಲ ಎತ್ತಿಕೊಂಡು ಎದ್ದು ಬಂತು. ಆ ಮನುಷ್ಯ ಚಪ್ಪಾಳೆ ತಟ್ಟಿದ್ದಕ್ಕೆ ಹೆಂಚಿನ ಮೇಲಿನ ಪಾರಿವಾಳಗಳು ಊರು ಬಿಟ್ಟವು.

"ಯಜಮಾನ್ರೇ, ಬಿಳಿ ಕಡ್ಡಿ, ಜೊತೆಗೊಂದು ನೀರಿನ ಬಣ್ಣದ ಬಿಲ್ಲೆ. ಹೀಗೆ ಡಬ್ಬಿ ಮಾಡಿಕೊಡಿ. ಎಷ್ಟು ಮಾಡಿದ್ರೂ ನಾನು ತಗೊಳ್ತೀನಿ."

ಅವರು ಹೋದ ಮೇಲೆ ಯಜಮಾನರು ಕುಂಬಳಕಾಯಿಯನ್ನೊಮ್ಮೆ, ನಾದಿನಿಯನ್ನೊಮ್ಮೆ ನೋಡಿದರು.

"ಕೆಲಸ ಉಳೀತು ಕಣಮ್ಮ. ಆದ್ರೆ ನನ್ನ ಬಗ್ಗೆ ಒಂದಾದ್ರೂ ಒಳ್ಳೆ ಮಾತು ಬರೀಬೇಕು ನೀನು."

"ಖಂಡಿತ ಬರೀತೀನಿ ಯಜಮಾನ್ರೇ," ಅಂದಳು ನಾದಿನಿ. "ಯೋಚನೆ ಮಾಡೋಕೆ ಒಂದು ತಿಂಗಳು ರಜಾ ಕೊಡಿ."