ಮನೆಯಿಲ್ಲದ ಹೊಸಿಲು

ದ್ಯಾಮಮ್ಮನಿಗೆ ಮನೆಯಿರಲಿಲ್ಲ, ಹೊಸಿಲಿತ್ತು.

ಇದು ಒಗಟಲ್ಲ. ಶಿವನಿ ಸ್ಟೇಷನ್ನಿನಿಂದ ನಮ್ಮೂರಿಗೆ ಬರುವ ದಾರಿಯಲ್ಲಿ ಅವಳದೊಂದು ಗುಡಿಸಲಿತ್ತು. ಗಂಡ ತೀರಿಕೊಂಡ ಮೇಲೂ ಅದರಲ್ಲೇ ಇದ್ದಳು. ಒಂದು ಮಳೆಗಾಲ ಮಣ್ಣಿನ ಗೋಡೆ ಮತ್ತೆ ಮಣ್ಣಾಯಿತು, ಸೋಗೆ ಯಾರದೋ ಒಲೆ ಸೇರಿತು. ಗುಡಿಸಲು ನಿಂತಿದ್ದ ಜಾಗ ಬೇರೆಯವರ ತೋಟದ್ದು. ಅವರು ಅಲ್ಲಿ ತೆಂಗಿನ ಸಸಿ ನೆಟ್ಟರು. ಅವಳ ಪಾಲಿಗೆ ಉಳಿದದ್ದು ಗಂಡ ತಾನೇ ಕೆತ್ತಿ ಕೂರಿಸಿದ್ದ ಜಾಲಿ ಮರದ ಹೊಸಿಲು ಮಾತ್ರ. ಅದನ್ನು ತಲೆಯ ಮೇಲೆ ಹೊತ್ತು, ಬಟ್ಟೆಯ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಊರೊಳಗೆ ಬಂದಳು.

ಅಂದಿನಿಂದ ಊರಿನ ಜಗಲಿಗಳೇ ಅವಳ ಬಿಡಾರ. ಒಂದಷ್ಟು ದಿನ ತೀರ್ಥಪ್ಪನ ಜಗಲಿ, ಒಂದಷ್ಟು ದಿನ ಪುಟ್ಟಯ್ಯನ ಕೊಟ್ಟಿಗೆಯ ಪಕ್ಕ, ಒಂದಷ್ಟು ದಿನ ನಮ್ಮದು. ಎಲ್ಲಿ ಚಾಪೆ ಹಾಸಿದರೂ ಅದರ ಮುಂದೆ ಹೊಸಿಲನ್ನಿಟ್ಟು, ಬೆಳಿಗ್ಗೆ ಎದ್ದು ಅರಿಸಿನ ಕುಂಕುಮ ಹಚ್ಚಿ, ಎರಡೆಳೆ ರಂಗೋಲಿ ಎಳೆಯುತ್ತಿದ್ದಳು. ಆಮೇಲೆಯೇ ಹಾಲು ಕರೆಯುವುದು, ಕಸ ಹೊಡೆಯುವುದು, ಅಡಿಕೆ ಸುಲಿಯುವುದು. ಒಮ್ಮೆ ತೀರ್ಥಪ್ಪ ತನ್ನ ಜಗಲಿಯಲ್ಲಿ ತಾನೇ ಎಡವಿ ಬಿದ್ದು ಕಿರುಚಿದ್ದ.

"ಇದ್ಯಾವ ಹೊಸಿಲೇ ಇಲ್ಲಿ! ಗೋಡೆ ಇಲ್ಲ, ಬಾಗ್ಲಿಲ್ಲ!"

"ಅಯ್ಯೋ, ಹೊಸಿಲು ತುಳಿದ್ಬಿಟ್ಯಲ್ಲೋ ತೀರ್ಥಣ್ಣ," ಎಂದು ದ್ಯಾಮಮ್ಮ ಅವನ ಹೆಬ್ಬೆರಳನ್ನು ಬಿಟ್ಟು ಹೊಸಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದಳು.

ನಾನು ತರೀಕೆರೆಯಲ್ಲಿ ಬಿ.ಎ. ಮಾಡಿ, ಅದರ ಕೊಬ್ಬು ಇಳಿಸಿಕೊಳ್ಳಲು ಕಡೂರಿನ ಕೊಬ್ಬರಿ ಮಂಡಿಗೆ ಕೆಲಸಕ್ಕೆ ಸೇರಿದವಳು. ಮನುಷ್ಯರ ದನಿ ಕಿವಿಗೆ ಬಿದ್ದರೆ ಅದು ನನ್ನ ಬಾಯಿಂದ ಹೊರಗೆ ಬರುವವರೆಗೂ ನನಗೆ ಸಮಾಧಾನವಿಲ್ಲ. ತೀರ್ಥಪ್ಪನ ಗಂಟಲಲ್ಲಿ ಒಂದು ಕಪ್ಪೆ ಕಾಯಂ ಕೂತಿರುತ್ತದೆ, ಪುಟ್ಟಯ್ಯ ಮೂಗಿನಲ್ಲೇ ಸಂಸಾರ ಮಾಡುತ್ತಾನೆ, ನಮ್ಮವ್ವನ ಮಾತು ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತದೆ. ಎಲ್ಲವೂ ನನಗೆ ಸಲೀಸು. ದ್ಯಾಮಮ್ಮನದು ಇನ್ನೂ ಸುಲಭ. ಅವಳ ಬಾಯಲ್ಲಿ ಎಲ್ಲರೂ ದಿನವೂ ಕೇಳುತ್ತಿದ್ದದ್ದು ಒಂದೇ ಮಾತು: "ಬತ್ತೀನಿ ಕಣವ್ವಾ." ಕೊನೆಯ ಅಕ್ಷರವನ್ನು ಪಾತಾಳಗರಡಿಯಂತೆ ಬಾವಿಗಿಳಿಸಿ ಮೇಲೆತ್ತಿದರೆ ಮುಗಿಯಿತು.

ಬೇಸಿಗೆಯಲ್ಲಿ ಪಂಚಾಯ್ತಿಯವರು ಕೆರೆಯ ಕೆಳಗೆ ಸೈಟು ಮಾಡಿದರು. ನಮ್ಮೂರಿನ ಪಾಲಿಗೆ ಒಂದು ಸೈಟು, ಅದರ ಮೇಲೊಂದು ಮನೆ. ಮನೆಯಿಲ್ಲದವರು ಯಾರೆಂದು ಗ್ರಾಮಸಭೆಯಲ್ಲಿ ಊರೇ ಹೇಳಬೇಕು, ಹೇಳದಿದ್ದರೆ ಅದು ಪಕ್ಕದೂರಿಗೆ ಹೋಗುತ್ತದೆ ಎಂದು ಡಂಗುರವಾಯಿತು.

ಸುದ್ದಿ ಕೇಳಿದ ದಿನ ದ್ಯಾಮಮ್ಮ ನಮ್ಮ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದವಳು ಮೆಟ್ಟುಗತ್ತಿ ಬಿಟ್ಟು ನನ್ನತ್ತ ತಿರುಗಿದಳು.

"ಲೇ ಅಕ್ಷತಾ, ಸೈಟು ಎಷ್ಟಗಲ ಇರ್ತೈತೆ? ಈ ಹೊಸಿಲು ಹಿಡಿಸ್ತದಾ?"

"ಹೊಸಿಲೇನು ದ್ಯಾಮಕ್ಕ, ನೀನು ಕಾಲು ಚಾಚಿ ಹೊರಳಾಡಿದ್ರೂ ಜಾಗ ಉಳಿಯುತ್ತೆ. ಸಭೇಲಿ ಎದ್ದು, ನನಗೆ ಮನೆ ಇಲ್ಲ ಅಂತ ಒಂದು ಮಾತು ಹೇಳು, ಸಾಕು."

ಅವಳು ನಾಲಿಗೆ ಕಚ್ಚಿಕೊಂಡಳು. "ಥೂ, ಅದೆಂಗೆ ಹೇಳ್ಲಿ? ಇವರೆಲ್ಲ ಮನೆಯೋಳ ತರ ನೋಡ್ಕಂಡವ್ರೆ. ಎಲ್ಲರ ಎದುರಿಗೆ ಮನೆ ಇಲ್ಲ ಅಂದ್ರೆ ಇವರ ಮಕಕ್ಕೆ ಹೊಡೆದಂಗೆ. ಉಂಡ ಮನೆ ಜಂತೆ ಎಣಿಸಬಾರ್ದು ಕಣೇ."

"ನೀನು ಉಂಡಿದ್ದು ಜಗಲೀಲಿ. ಮೇಲಿರೋದು ಶೀಟು. ಜಂತೆ ಎಲ್ಲೈತೆ ಎಣಿಸೋಕೆ?"

"ನಿನ್ನ ತರ್ಲೆ ಮಾತು ನಿಂಗೇ ಇರ್ಲಿ. ಜಗಲಿ ಕೊಟ್ಟೋರ ಜೊತೆ ಜಗಳ ಆಡೋಕಾಯ್ತದಾ?" ಎಂದವಳು ಮತ್ತೆ ಮೆಟ್ಟುಗತ್ತಿಗೆ ಕಾಲು ಕೊಟ್ಟು, ತಡೆದು ಹೇಳಿದಳು. "ಆದ್ರೂ ಒಂದು ಸಲ ಈ ಹೊಸಿಲ ಮೇಲೆ ಬಾಗ್ಲು ನಿಲ್ಲಿಸ್ಬೇಕು ಅಂತ ಆಸೆ. ಅವನು ಅಷ್ಟು ಕಷ್ಟಪಟ್ಟು ಕೆತ್ತಿದ್ದ. ಜಾಲಿ ಮರ, ಉಳಿ ಎರಡು ಸಲ ಮುರಿದಿತ್ತು."

ಸಭೆ ಶಾಲೆಯ ಅಂಗಳದಲ್ಲಿ ಸೇರಿತು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಅನುಪಮಾ ಮೇಡಂ ಹೊಸಬರು. ಬಿಸಿಲಿಗೆ ಫೈಲನ್ನೇ ಬೀಸಣಿಗೆ ಮಾಡಿಕೊಂಡು ಕೇಳಿದರು: "ನಿಮ್ಮೂರಲ್ಲಿ ಮನೆ ಇಲ್ಲದೆ ಫುಟ್‌ಪಾತಲ್ಲೋ ಎಲ್ಲೋ ಮಲಗುವವರು ಯಾರಾದರೂ ಇದ್ದಾರಾ?"

ಪುಟ್ಟಯ್ಯ ಮೂಗಿನಿಂದ ಹೇಳಿದ, "ನಮ್ಮೂರಲ್ಲಿ ಫುಟ್‌ಪಾತೇ ಇಲ್ಲ ಮೇಡಂ. ಮಲಗೋದೆಲ್ಲಿ?"

ನಗೆಯೆದ್ದಿತು. ತೀರ್ಥಪ್ಪ ಎದ್ದು ನಿಂತ. ಊರಿನ ವ್ಯಾಜ್ಯಗಳಿಗೆಲ್ಲ ತೀರ್ಥಪ್ಪನದೇ ತೀರ್ಪು. ಪ್ರಾಯದಲ್ಲಿ ಹೊಡೆದ ಸೈಟಿಗೆ ಲೆಕ್ಕವಿಲ್ಲದವನು, ಈಗ ಕೊಡುವ ಸೈಟಿನ ಮುಂದೆ ಎದೆಯುಬ್ಬಿಸಿ ನಿಂತಿದ್ದ.

"ಬರ್ಕಳಿ ಮೇಡಂ. ನಮ್ಮೂರಲ್ಲಿ ಮನೆ ಇಲ್ದೋರು ಒಬ್ರೂ ಇಲ್ಲ. ಯಾರನ್ನೂ ನಾವು ಬೀದೀಲಿ ಬಿಟ್ಟಿಲ್ಲ. ಅದು ನಮ್ಮೂರಿನ ಮರ್ಯಾದೆ."

"ದ್ಯಾಮಕ್ಕ ಇದ್ದಾಳಲ್ಲ ತೀರ್ಥಣ್ಣ?" ಎಂದೆ ನಾನು.

"ದ್ಯಾಮವ್ವನಾ? ಅವ್ಳು ನಮ್ಮನೆಯೋಳು!"

"ಯಾವನು ಹೇಳ್ದೋನು? ನಮ್ಮನೆಯೋಳು!" ಎಂದ ಪುಟ್ಟಯ್ಯ. "ನಮ್ಮ ಎಮ್ಮೆ ಅವ್ಳು ಕೈ ಹಾಕ್ದಿದ್ರೆ ಹಾಲೇ ಇಳಿಸಾಕಿಲ್ಲ."

"ಇಬ್ಬರೂ ಸುಮ್ನಿರ್ರಪ್ಪ," ಎಂದು ಹೆಂಗಸರ ಗುಂಪಿನಿಂದ ನಮ್ಮವ್ವ ಸಿಡಿದಳು. "ಯುಗಾದಿ ಹೋಳಿಗೆ ಉಂಡಿದ್ದು ಯಾರ ಮನೇಲಿ? ನಮ್ಮನೆಯೋಳು ಅವ್ಳು!"

ಅನುಪಮಾ ಮೇಡಂ ತಲೆ ತುರಿಸಿಕೊಂಡರು. "ಹಾಗಾದರೆ ಇವರಿಗೆ ಮನೆ ಇದೆ. ಒಂದಲ್ಲ, ಮೂರು."

"ಬೇಕಾದ್ರೆ ಇಡೀ ಊರೇ ಅವ್ಳ ಮನೆ ಅನ್ನಿ," ಎಂದು ತೀರ್ಥಪ್ಪ ಕೈ ಬೀಸಿದ. ಚಪ್ಪಾಳೆ ಬಿತ್ತು.

ದ್ಯಾಮಮ್ಮ ಶಾಲೆಯ ಜಗಲಿಯ ಕಂಬದ ಹಿಂದೆ ಕೂತಿದ್ದಳು. ಎಲ್ಲರೂ ನಮ್ಮನೆಯೋಳು ಎನ್ನುವುದನ್ನು ಕೇಳಿ ಅವಳ ಮುಖ ಅರಳಿತ್ತು. ಕೈ ಮಾತ್ರ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಊರಿನ ಪ್ರೀತಿ ಅವಳ ಸೈಟನ್ನು ಪಕ್ಕದೂರಿಗೆ ಸಾಗಿಸುತ್ತಿತ್ತು. ನೈಟ್ ಹಾಲ್ಟ್ ಬಸ್ಸಿಗೆ ಊರಲ್ಲಿ ಒಂದು ಜಾಗವಿದೆ, ಹಾಲು ಕರೆಯುವ ದ್ಯಾಮಮ್ಮನಿಗೆ ಇಲ್ಲ. ಇದನ್ನು ಹೇಳಿದರೆ ಊರಿಗೆ ಸಿಟ್ಟು ಬರುತ್ತದೆ, ಹೇಳದಿದ್ದರೆ ಮೇಡಂ ಫೈಲು ಮುಚ್ಚುತ್ತಾರೆ. ನಾನು ಎದ್ದೆ.

"ಮೇಡಂ, ಒಂದೈದು ನಿಮಿಷ ಮಿಮಿಕ್ರಿ ಮಾಡ್ಲಾ?"

"ಇಲ್ಲಿಯಾ? ಸಭೆಯಲ್ಲಿ?"

"ಮಾಡ್ಸಿ ಮೇಡಂ, ಚೆನ್ನಾಗ್ ಮಾಡ್ತಾಳೆ," ಎಂದಿತು ಸಭೆ. ಸಭೆ ಮುಗಿಸಿ ಬಿಸಿಲಲ್ಲಿ ಮನೆಗೆ ನಡೆಯುವ ಅವಸರ ಯಾರಿಗೂ ಇರಲಿಲ್ಲ.

ಗಂಟಲಿಗೆ ಕಪ್ಪೆಯನ್ನು ಕರೆಸಿಕೊಂಡೆ. "ಹೋಗ್ಬಾರವ್ವ ದ್ಯಾಮವ್ವ. ನಾಳೆ ನೆಂಟ್ರು ಬತ್ತಾರೆ, ಜಗಲಿ ಖಾಲಿ ಮಾಡು."

ತೀರ್ಥಪ್ಪನ ಹೆಂಡತಿಯೇ ಮೊದಲು ನಕ್ಕಿದ್ದು. ಆಮೇಲೆ ಮೂಗು ಹಿಡಿದುಕೊಂಡೆ. "ಹೋಗ್ಬಾ ದ್ಯಾಮಕ್ಕೋ. ಎಮ್ಮೆ ಈಯೋ ಹಂಗೈತೆ, ಅದಕ್ಕೆ ಜಾಗ ಬೇಕು." ಪುಟ್ಟಯ್ಯನ ಅಕ್ಕಪಕ್ಕದವರು ಅವನ ಬೆನ್ನಿಗೆ ಗುದ್ದಿದರು. ಮೂರನೆಯದು ನಮ್ಮವ್ವನದು. "ಹೋಗ್ಬಾ ದ್ಯಾಮಕ್ಕ, ಮೂಟೆ ಬಂದ್ವು ಮೂಟೆ! ಅಡಿಕೆ ನೆನೆದ್ರೆ ನಿಮ್ಮಪ್ಪ ಕೊಡ್ತಾನಾ?" ನಮ್ಮವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಮನೇಗೆ ಬಾ, ಐತೆ ನಿಂಗೆ," ಎಂದಳು.

"ಇದಕ್ಕೆಲ್ಲ ದ್ಯಾಮಕ್ಕನ ಉತ್ತರ?" ಎಂದು ಕೇಳಿದೆ.

"ಬತ್ತೀನಿ ಕಣವ್ವಾ!" ಎಂದು ಇಡೀ ಸಭೆಯೇ ಬಾವಿಗಿಳಿದು ಮೇಲೆ ಬಂತು. ಕಂಬದ ಹಿಂದೆ ದ್ಯಾಮಮ್ಮನೂ ನಗುತ್ತಿದ್ದಳು.

"ಈಗ ಕೊನೇದು. ದ್ಯಾಮಕ್ಕ ಯಾರಿಗೋ 'ಹೋಗ್ಬನ್ನಿ' ಅಂತಿರೋದು."

ಬಾಯಿ ತೆರೆದೆ. ದನಿ ಹೊರಡಲಿಲ್ಲ. ಇನ್ನೊಮ್ಮೆ ತೆರೆದೆ. ನಾಟಕವಾಡುತ್ತಿರಲಿಲ್ಲ, ನಿಜವಾಗಿಯೂ ಬರಲಿಲ್ಲ. ಅವಳ ಗಂಟಲಲ್ಲಿ ಆ ಮಾತು ಏರುತ್ತದೋ ಇಳಿಯುತ್ತದೋ, ಎಲ್ಲಿ ಉಸಿರು ನಿಲ್ಲುತ್ತದೋ ನನಗೆ ಗೊತ್ತಿರಲಿಲ್ಲ.

"ಬರ್ತಿಲ್ಲ ಮೇಡಂ. ಕೇಳಿದ್ರೆ ತಾನೇ ಬರೋದು? ಗುಡಿಸಲು ಬಿದ್ದ ಮೇಲೆ ಇವಳು ಆ ಮಾತಾಡಿದ್ದನ್ನ ನಾನು ಕೇಳೇ ಇಲ್ಲ. ಯಾರಾದ್ರೂ ಕೇಳಿದ್ದೀರಾ? ಕೇಳಿದ್ರೆ ಹೇಳಿಕೊಡಿ, ಕಲೀತೀನಿ."

ನಮ್ಮ ಕಡೆ ಮಸಣಕ್ಕೆ ಹೊರಟವನೊಬ್ಬನನ್ನು ಬಿಟ್ಟು ಎಲ್ಲರೂ 'ಬತ್ತೀನಿ' ಎಂದೇ ಹೊರಡುವುದು. ಆದರೆ 'ಹೋಗ್ಬನ್ನಿ' ಎನ್ನಲು ಒಳಗಡೆ ನಿಂತಿರಬೇಕು. ತೀರ್ಥಪ್ಪ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. ಪುಟ್ಟಯ್ಯ ಮೂಗನ್ನು ಮಾತಿಗೆ ಬಳಸದೆ ಉಸಿರಾಡಲಷ್ಟೇ ಬಳಸುತ್ತಿದ್ದ.

ಅನುಪಮಾ ಮೇಡಂ ಕಂಬದ ಹತ್ತಿರ ಹೋದರು. "ಅಮ್ಮಾ, ನೀವೇ ಹೇಳಿ. ನಿಮಗೆ ಮನೆ ಇಲ್ವಾ?"

ದ್ಯಾಮಮ್ಮ ಎದ್ದು ಕೈ ಮುಗಿದಳು. "ಮನೆ ಇಲ್ಲ ಅಂತ ಮಾತ್ರ ನಾನು ಹೇಳಾಕಿಲ್ಲ ತಾಯಿ. ಇವರೆಲ್ಲ ಬೇಜಾರು ಮಾಡ್ಕಂತಾರೆ. ಹೊಸಿಲೈತೆ. ಅದ್ರ ಹಿಂದೆ ಏನಾದ್ರೂ ಕಟ್ಟಿಕೊಟ್ರೆ ಆಯ್ತು."

ತೀರ್ಥಪ್ಪ ಗಂಟಲು ಸರಿಮಾಡಿಕೊಂಡ. ಕಪ್ಪೆ ಹೊರಗೆ ಬರಲಿಲ್ಲ, ತೀರ್ಪು ಬಂತು. "ನೋಡಿ ಮೇಡಂ, ಅವ್ಳು ನಮ್ಮನೆಯೋಳು ಅಂದ್ನಲ್ಲ, ಆ ಮಾತು ವಾಪಸ್ ತಗಳಾಕಿಲ್ಲ. ನಮ್ಮನೆ ಹೆಣ್ಣುಮಗಳು ಅಂದ್ಕಳಿ. ಹೆಣ್ಣುಮಗಳಿಗೆ ಬೇರೆ ಮನೆ ಮಾಡಿಕೊಡೋದು ಮರ್ಯಾದೆ ತಾನೇ? ಬರ್ಕಳಿ. ದ್ಯಾಮಮ್ಮ."

"ಹೆಣ್ಣು ನಮ್ಮದೂ ಹೌದು!" ಎಂದು ನಮ್ಮವ್ವ ಮತ್ತೆ ಸಿಡಿದಳು. ಹೀಗೆ ಮದುವೆಯಿಲ್ಲದೆ, ಗಂಡಿಲ್ಲದೆ, ಬರೀ ಬೀಗರಿಂದಲೇ ತುಂಬಿದ ಸಭೆ ಮುಗಿಯಿತು.

ಮನೆ ಎದ್ದಿತು. ಸಣ್ಣದು, ಒಂದು ರೂಮು, ಅಡಿಗೆಗೆ ಒಂದು ಮೂಲೆ. ಬಾಗಿಲು ಕೂರಿಸುವ ದಿನ ಮೇಸ್ತ್ರಿ ಕನಕರಾಜು ಸಿಮೆಂಟಿನ ಹೊಸಿಲು ತಂದಿದ್ದ. ದ್ಯಾಮಮ್ಮ ಅದರತ್ತ ನೋಡಲೂ ಇಲ್ಲ. ಜಾಲಿ ಹೊಸಿಲು ಬಾಗಿಲಿಗಿಂತ ಒಂದು ಗೇಣು ಉದ್ದವಾಯಿತು.

"ಕುಯ್ದು ಹಾಕ್ತೀನಿ ಅಮ್ಮಾ," ಎಂದ ಅವನು.

"ಗೋಡೆ ಕುಯ್ಯೋ," ಎಂದಳು.

ಗೋಡೆಯನ್ನೇ ಒಂದು ಗೇಣು ಒಡೆದು ಹೊಸಿಲು ಕೂರಿಸಿದ. ಈಗಲೂ ಆ ಬಾಗಿಲು ನೋಡಿದರೆ ಮೀಸೆ ತಿರುವಿಕೊಂಡು ನಿಂತಂತೆ ಕಾಣುತ್ತದೆ.

ಗೃಹಪ್ರವೇಶಕ್ಕೆ ಊರೇ ಬಂತು. ಅನುಪಮಾ ಮೇಡಂ ಅಜ್ಜಂಪುರದಿಂದ ಒಂದು ಗೋಡೆ ಗಡಿಯಾರ ತಂದರು. ಅಕ್ಷತೆ ಹಾಕಲು ಅಕ್ಷತಾಳೇ ಆಗಬೇಕೆಂದು ನನ್ನನ್ನು ಮುಂದೆ ನಿಲ್ಲಿಸಿದರು. ಹಾಲು ಉಕ್ಕಿತು, ಪಾಯಸ ಖಾಲಿಯಾಯಿತು. ಮೊದಲು ಎದ್ದವರು ಮೇಡಂ.

"ಬರ್ತೀನಮ್ಮ," ಎಂದರು ಚಪ್ಪಲಿ ಮೆಟ್ಟುತ್ತ.

ಎಲ್ಲರೂ ದ್ಯಾಮಮ್ಮನನ್ನೇ ನೋಡಿದೆವು. ಅವಳು ಗಡಬಡಿಸಿ ಎದ್ದಳು. ಮೂಲೆಯಲ್ಲಿದ್ದ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಬತ್ತೀನಿ ಕಣವ್ವಾ," ಎಂದು ಹೊಸಿಲು ದಾಟಿ, ಮೇಡಂಗಿಂತ ಮೊದಲೇ ಅಂಗಳಕ್ಕಿಳಿದು ನಡೆದೇಬಿಟ್ಟಳು.

"ಎಲ್ಲಿಗೇ ದ್ಯಾಮವ್ವ?" ಎಂದು ತೀರ್ಥಪ್ಪ ಕೂಗಿದ. "ಮನೆ ಇಲ್ಲೈತೆ!"

ಅವಳು ಬೀದಿಯಲ್ಲಿ ನಿಂತಳು. ಹಿಂದಕ್ಕೆ ತಿರುಗಿ ಮನೆ ನೋಡಿದಳು, ಕಂಕುಳಿನ ಗಂಟು ನೋಡಿದಳು. ಆಮೇಲೆ ಶುರುವಾದ ನಗು ಅವಳಿಂದ ನಮಗೆ ಬಂತೋ, ನಮ್ಮಿಂದ ಅವಳಿಗೆ ಹೋಯಿತೋ ಹೇಳಲಾರೆ. ನಕ್ಕು ಕಣ್ಣೊರೆಸಿಕೊಂಡು ವಾಪಸು ಬಂದಳು. ಹೊಸಿಲನ್ನು ತುಳಿಯದೆ ಜೋಪಾನವಾಗಿ ದಾಟಿ ಒಳಗೆ ನಿಂತು, ಬಾಗಿಲ ಚೌಕಟ್ಟಿಗೆ ಕೈ ಕೊಟ್ಟಳು.

"ಇನ್ನೊಂದ್ಸಲ ಹೇಳಿ ತಾಯಿ."

"ಬರ್ತೀನಮ್ಮ," ಎಂದರು ಮೇಡಂ.

"ಹೋಗ್ಬನ್ನಿ," ಎಂದಳು ದ್ಯಾಮಮ್ಮ.

ಆ ಮಾತಿನ ರುಚಿ ಹತ್ತಿದ್ದೇ ತಡ, ಅವಳಿಗೆ ತಡೆಯಿಲ್ಲದಾಯಿತು. ಎದ್ದವರನ್ನು ಕಳಿಸಿದಳು. ಏಳದವರನ್ನು, "ಪಾಯಸ ಆಯ್ತಲ್ಲ, ಏಳ್ರವ್ವ, ಕಳಿಸಿಕೊಡ್ತೀನಿ," ಎಂದು ಎಬ್ಬಿಸಿ ಕಳಿಸಿದಳು. ಪುಟ್ಟಯ್ಯ ಬೀಡಿ ಸೇದಲು ಹೊರಗೆ ಹೋದಾಗಲೆಲ್ಲ ಅವನಿಗೊಂದು ಹೋಗ್ಬನ್ನಿ ಸಿಕ್ಕಿತು. ದೂರದಲ್ಲಿ ಶಿವನಿಯಿಂದ ಹೊರಟ ರೈಲು ಕೂಗಿದರೆ ಅದಕ್ಕೂ ಒಂದು.

ತೀರ್ಥಪ್ಪ ಮಾತ್ರ ಗೋಡೆಗೊರಗಿ ಎಲೆಯಡಿಕೆ ಮೆಲ್ಲುತ್ತ ಆರಾಮಾಗಿದ್ದ. ದ್ಯಾಮಮ್ಮ ಅವನ ಮುಂದೆ ನಿಂತು ಸೊಂಟಕ್ಕೆ ಕೈ ಇಟ್ಟಳು. ಅವಳ ಗಂಟಲಲ್ಲಿ ಒಂದು ಕಪ್ಪೆ ಬಂದು ಕೂತದ್ದನ್ನು ನಾನು ಕಿವಿಯಾರೆ ಕೇಳಿದೆ. ನನ್ನ ಕಪ್ಪೆಗಿಂತ ದಪ್ಪನೆಯದು, ಜಗಲಿಯಲ್ಲಿ ಮಲಗಿ ಮಲಗಿ ಸಾಕಿದ್ದು.

"ಹೋಗ್ಬಾರಪ್ಪ ತೀರ್ಥಪ್ಪ," ಎಂದಳು. "ನಾಳೆ ನೆಂಟ್ರು ಬತ್ತಾರೆ, ಜಗಲಿ ಖಾಲಿ ಮಾಡು."